ಕನಕಪ್ಪನ ಮಸುಕು ಫೋಟೋ

ಬದುಕಿರುವವರ ಫೋಟೋ ಮಸುಕು ಮಾಡಬೇಡಿ ಎಂದು ಭವಾನಿ ನನಗೆ ಒಂದಲ್ಲ, ಎರಡು ಸಲ ಹೇಳಿದ್ದಳು. ಎರಡು ಸಲವೂ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಚಂದದ ವಿಷಯ ಬಂದರೆ ನನಗೆ ಯಾರ ಮಾತೂ ಸೇರುವುದಿಲ್ಲ. ಗಿರಾಕಿಗಳೊಂದಿಗೆ ಜಗಳವಾಡಿದ್ದೇನೆ, ಹೆಂಡತಿಯೊಂದಿಗೆ ಮದುವೆಯ ಪತ್ರಿಕೆಯ ಬಣ್ಣಕ್ಕಾಗಿ ಎರಡು ದಿನ ಮಾತು ಬಿಟ್ಟಿದ್ದೇನೆ. ಇದನ್ನು ಮೊದಲು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ನಾನು ಗೋವಿಂದರಾಜ. ಗಂಗಾವತಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದೇನೆ. ಅದಕ್ಕೂ ಮೊದಲು ಬೋರ್ಡು ಬರೆಯುತ್ತಿದ್ದೆ. ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾದಾಗ ನಮ್ಮ ಕಡೆಯ ಪೇಂಟರುಗಳಿಗೆಲ್ಲ ಸುಗ್ಗಿ. ಸಾಲಿ, ದವಾಖಾನೆ, ಸೊಸೈಟಿ, ಎಲ್ಲ ಬೋರ್ಡುಗಳಲ್ಲೂ ‘ಜಿಲ್ಲಾ ರಾಯಚೂರು’ ಅಳಿಸಿ ‘ಜಿಲ್ಲಾ ಕೊಪ್ಪಳ’ ಎಂದು ಬರೆಯಬೇಕು. ನಾನು ಅವಸರದಲ್ಲಿ ಒಂದೇ ಕೈ ಬಿಳಿ ಬಣ್ಣ ಬಳಿದು ಅದರ ಮೇಲೆ ಬರೆದುಬಿಡುತ್ತಿದ್ದೆ. ಒಣಗಿದ ಮೇಲೆ ಕೊಪ್ಪಳದ ಬೆನ್ನಿಗೆ ರಾಯಚೂರು ಇಣುಕುತ್ತಿತ್ತು. ಕನಕಗಿರಿಯ ಅಮರಪ್ಪ ಮಾಸ್ತರು ನನಗೆ ಕುಂಚ ಹಿಡಿಯುವುದನ್ನು ಕಲಿಸಿದವರು. ಅವರು ಒಂದು ದಿನ ಆ ಬೋರ್ಡು ನೋಡಿ ಬೈದರು. “ಮುಚ್ಚೂದಾದ್ರ ಪೂರಾ ಮುಚ್ಚು, ಕಾಣಿಸೂದಾದ್ರ ಪೂರಾ ಕಾಣಸು. ಅರ್ಧಕ್ಕ ಬಿಟ್ಟಿ ಅಂದ್ರ ಮಂದಿ ತಮಗ ತಿಳಿದಂಗ ಓದ್ತಾರ.” ನಾನು ತಲೆ ಅಲ್ಲಾಡಿಸಿ ಎರಡನೇ ಕೈ ಬಳಿದೆ, ಅಷ್ಟೇ. ಮಾತು ತಲೆಯೊಳಗೆ ಇಳಿಯಲಿಲ್ಲ.

ಆಮೇಲೆ ಕಂಪ್ಯೂಟರು ಬಂತು, ಎರಡು ಸಾವಿರದ ಏಳರಲ್ಲಿ ಫ್ಲೆಕ್ಸ್ ಮಷೀನು ಬಂತು. ಹುಟ್ಟುಹಬ್ಬದ ಬ್ಯಾನರು, ಗೆದ್ದವರಿಗೆ ಅಭಿನಂದನೆ, ಸತ್ತವರಿಗೆ ಶ್ರದ್ಧಾಂಜಲಿ. ಶ್ರದ್ಧಾಂಜಲಿ ಬ್ಯಾನರಿನಲ್ಲಿ ಆಗೆಲ್ಲ ಈಗಿನ ಆಧಾರ್ ಕಾರ್ಡಿನಂಥ ಫೋಟೋಕ್ಕೆ ಒಂದು ಹಾರ ಅಂಟಿಸಿ ಕೊಡುತ್ತಿದ್ದರು. ನನಗೆ ಅದು ನೋಡಲಾಗುತ್ತಿರಲಿಲ್ಲ. ಮುಖದ ಒಪ್ಯಾಸಿಟಿಯನ್ನು, ಅಂದರೆ ಅದು ಎಷ್ಟು ಢಾಳಾಗಿ ಕಾಣಬೇಕೆಂಬ ಅಳತೆಯನ್ನು, ನೂರರಿಂದ ನಲವತ್ತಕ್ಕೆ ಇಳಿಸಿ ಹಿಂದೆ ಮೋಡದ ಚಿತ್ರ ಇಟ್ಟೆ. ಮುಖ ಮೋಡದಲ್ಲಿ ಕರಗಿ ಹೋಗುತ್ತಿರುವಂತೆ ಕಂಡಿತು. ಆ ಬ್ಯಾನರು ನಮ್ಮೂರ ಜುಲೈ ನಗರದ ಸರ್ಕಲಿನಲ್ಲಿ ನಿಂತ ಮೇಲೆ ಗಿರಾಕಿಗಳು ಸಾಲುಗಟ್ಟಿದರು. “ನಮ್ಮಪ್ಪನ್ನೂ ಹಂಗ ಕರಗಿಸಿ ಕೊಡ್ರಿ” ಎನ್ನುತ್ತಿದ್ದರು. ಕುಷ್ಟಗಿ, ಯಲಬುರ್ಗಾದ ಅಂಗಡಿಯವರು ನನ್ನದನ್ನು ನೋಡಿ ತಾವೂ ಶುರು ಮಾಡಿದರು. ಹತ್ತು ವರ್ಷದಲ್ಲಿ ಈ ಸೀಮೆಯ ಯಾವ ಊರ ಅಗಸಿ ಬಾಗಿಲಲ್ಲಿ ನಿಂತು ನೋಡಿದರೂ ಒಂದೇ ಲೆಕ್ಕ. ಮುಖ ಢಾಳಾಗಿದ್ದರೆ ಮನುಷ್ಯ ಇದ್ದಾನೆ, ಮಸುಕಾಗಿದ್ದರೆ ತೀರಿಕೊಂಡಿದ್ದಾನೆ. ಓದು ಬರದವರೂ ದೂರದಿಂದಲೇ ನೋಡಿ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ಈ ರೂಢಿ ಹಾಕಿದವನು ನಾನೇ ಎಂದು ಚಹಾದಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ.

ಅಷ್ಟೂ ವರ್ಷ ಮಷೀನು ನಡೆಸಿದವನು ಟಿಪ್ಪುಸಾಬ. ಮಾತು ಕಡಿಮೆ, ಕೈ ಭಾಳ ಶುದ್ಧ. ತಾಯಿ ಜೈನಾಬೀ, ಹೆಂಡತಿ ರಜಿಯಾಬೇಗಂ, ಇಷ್ಟೇ ಸಂಸಾರ. ರಜಿಯಾಬೇಗಂ ಮಾತ್ರ ಗಂಡನ ಪಾಲಿನ ಮಾತನ್ನೂ ತಾನೇ ಆಡುವವಳು. ಬುತ್ತಿ ಕೊಡಲು ಅಂಗಡಿಗೆ ಬಂದಾಗ ಒಮ್ಮೆ ನನ್ನನ್ನು ಹಿಡಿದು ನಿಲ್ಲಿಸಿದ್ದಳು. “ಅಣ್ಣಾರ, ಸತ್ತವರನ್ನ ಇಷ್ಟು ಚಂದ ಮಾಡ್ತೀರಿ. ಬದುಕಿದಾವ್ರು ಒಂದು ಪಾಸ್‌ಪೋರ್ಟ್ ಫೋಟೋ ಕೇಳಿದ್ರ ಕಳ್ಳರಂಗ ತಗೀತೀರಲ್ರಿ” ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮದುವೆಯಾಗಿ ಆರು ವರ್ಷದ ಮೇಲೆ ಅವಳು ಬಸುರಿಯಾದಾಗ ಟಿಪ್ಪುಸಾಬ ನನಗೆ ಬಾಯಿಬಿಟ್ಟು ಹೇಳಲಿಲ್ಲ, ಅರ್ಧ ಕೆಜಿ ಜಿಲೇಬಿ ತಂದು ಮೇಜಿನ ಮೇಲಿಟ್ಟು ಮಷೀನಿನ ಹತ್ತಿರ ಹೋಗಿ ನಿಂತ.

ಇನ್ನು ಭವಾನಿ. ಕುಷ್ಟಗಿಯ ಹುಡುಗಿ, ಗಂಗಾವತಿಯ ಒಂದು ರಕ್ತನಿಧಿಯಲ್ಲಿ ಟೆಕ್ನೀಷಿಯನ್ ಆಗಿದ್ದಳು. ರಕ್ತ ಕೊಡುವವರ ಹೆಸರು, ಗುಂಪು, ಫೋನ್ ನಂಬರು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ನಾನು ಅಷ್ಟೊತ್ತಿಗೆ ವಿಡಿಯೋ ನೋಡಿ ನೋಡಿ ವೆಬ್‌ಸೈಟು, ಆ್ಯಪು ಮಾಡುವುದನ್ನು ಕಲಿತಿದ್ದೆ. “ಸರ್, ಈ ನೋಟ್‌ಬುಕ್ ಎಲ್ಲಾರ ಫೋನ್‌ನ್ಯಾಗ ಬರೂವಂಗ ಮಾಡಿಕೊಡ್ರಿ” ಎಂದು ಕೇಳಿದಳು. ಪುಕ್ಕಟೆಯಾಗಿ ಮಾಡಿಕೊಟ್ಟೆ. ನಾಲ್ಕು ತಾಲೂಕಿನ ನಾನೂರು ಚಿಲ್ಲರೆ ಜನ, ಒಬ್ಬೊಬ್ಬರಿಗೆ ಕಾರ್ಡಿನಂಥ ಒಂದೊಂದು ಚೌಕ, ಚೌಕದಲ್ಲಿ ಫೋಟೋ, ಹೆಸರು, ಊರು, ನಂಬರು.

ಅವಳದು ಒಂದೇ ತಕರಾರು. ಜನ ನಂಬರು ಬದಲಿಸುತ್ತಾರೆ, ಊರು ಬಿಡುತ್ತಾರೆ. ಅದಕ್ಕೇ ಆರು ತಿಂಗಳಿಗೊಮ್ಮೆ ‘ನಾನು ಇದ್ದೇನೆ’ ಎಂಬ ಗುಂಡಿ ಒತ್ತಬೇಕೆಂದು ಇಟ್ಟೆವು. ಒತ್ತದವರನ್ನು ಗುರುತು ಮಾಡುವುದು ಹೇಗೆ? ತೆಗೆದುಹಾಕುವಂತಿಲ್ಲ, ಫೋನು ಮಾಡಿದರೆ ಸಿಕ್ಕರೂ ಸಿಗಬಹುದು. ಭವಾನಿ ಹೇಳಿದಳು, “ಕೆಳಗ ಒಂದು ಸಾಲು ಬರೀರಿ. ‘ಫೋನ್ ಮಾಡಿ ಕೇಳಿ ನೋಡಿ’ ಅಂತ.” ನನಗೆ ಆ ಸಾಲು ಕಣ್ಣಿಗೆ ಚುಚ್ಚಿತು. ಇಷ್ಟು ಅಚ್ಚುಕಟ್ಟಾದ ಚೌಕದ ಕೆಳಗೆ ಬಸ್‌ಸ್ಟ್ಯಾಂಡಿನ ಸೂಚನೆಯಂತೆ ಒಂದು ಸಾಲೇ ಎಂದು ಸಿಟ್ಟು ಬಂತು. ಒಂದೇ ಒಂದು ಸೂತ್ರ ಬರೆದೆ. ಆರು ತಿಂಗಳು ಮುಗಿದವರ ಚೌಕದ ಒಪ್ಯಾಸಿಟಿ ಶೂನ್ಯ ಬಿಂದು ಮೂರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಎಂದು ಕೊಟ್ಟರೆ ವಸ್ತು ಪೂರ್ತಿ ಕಾಣುತ್ತದೆ, ಸೊನ್ನೆ ಎಂದರೆ ಕಾಣುವುದೇ ಇಲ್ಲ. ಆದರೆ ಸೊನ್ನೆ ಕೊಟ್ಟರೂ ಅದು ತನ್ನ ಜಾಗ ಬಿಟ್ಟು ಹೋಗಿರುವುದಿಲ್ಲ. ಬೆರಳು ತಾಗಿದರೆ ಓಗೊಡುತ್ತದೆ. ಬಿಂದು ಮೂರರಲ್ಲಿಟ್ಟ ಕಾರ್ಡೂ ಹಾಗೆಯೇ, ಒತ್ತಿದರೆ ಫೋನು ಹೋಗುತ್ತದೆ. ಇನ್ನೊಂದು ಸಂಗತಿ, ಹೊರಗಿನ ಚೌಕವನ್ನು ಮಸುಕು ಮಾಡಿದರೆ ಒಳಗಿರುವುದೆಲ್ಲವೂ ಮಸುಕಾಗುತ್ತದೆ, ಫೋಟೋ, ಹೆಸರು, ನಂಬರು ಯಾವುದನ್ನೂ ಬೇರೆ ಮಾಡಿ ಢಾಳಾಗಿ ಉಳಿಸಲು ಬರುವುದಿಲ್ಲ. ನನಗೆ ಅದೇ ಬೇಕಾಗಿತ್ತು. ಪರದೆಯ ಮೇಲೆ ಭಾಳ ಮೆತ್ತಗೆ, ಚಂದ ಕಂಡಿತು.

ಭವಾನಿ ನೋಡಿ ಮುಖ ಸಣ್ಣದು ಮಾಡಿದಳು. “ಸರ್, ಇವ್ರು ಹೋಗಿಬಿಟ್ಟಾರಂತ ತಿಳ್ಕೋತಾರ್ರಿ ಮಂದಿ.”

“ಮಂದಿ ಅಷ್ಟು ದಡ್ಡರಲ್ಲವ್ವ” ಎಂದೆ.

ಹಾಗೆ ಮಸುಕಾದವರಲ್ಲಿ ಕನಕಪ್ಪನೂ ಒಬ್ಬ. ಕಾಲುವೆಯ ನೀರು ಬಿಡುವ ನೀರಗಂಟಿ, ಗಂಗಾವತಿಯಿಂದ ಮೂರು ಕಿಲೋಮೀಟರು ಆಚೆ ಕಾಲುವೆ ಗೇಟಿನ ಹತ್ತಿರ ಅವನ ಕೆಲಸ. ಅವನದು ಓ ನೆಗೆಟಿವ್, ನಾನೂರರಲ್ಲಿ ನಾಲ್ಕು ಜನರಿಗೆ ಮಾತ್ರ ಇರುವ ಗುಂಪು. ಅವನ ಹೆಸರು ಸೇರಿಸಿದವಳು ಭವಾನಿ, ರಕ್ತದಾನದ ಶಿಬಿರದಲ್ಲಿ ಫೋಟೋ ತೆಗೆದವನು ನಾನು. ಅವನ ಹತ್ತಿರ ಇದ್ದದ್ದು ಗುಂಡಿಯ ಫೋನು. ಆ್ಯಪು ತೆರೆಯುವುದೆಲ್ಲಿಂದ, ಗುಂಡಿ ಒತ್ತುವುದೆಲ್ಲಿಂದ? ಆರು ತಿಂಗಳಾದ ದಿನ ಅವನು ತಾನಾಗಿಯೇ ಬಿಂದು ಮೂರಕ್ಕೆ ಇಳಿದ. ಬಿಳಿ ಟೋಪಿ, ಬಿಳಿ ಅಂಗಿ, ಎಲ್ಲ ಬಿಳಿಯಲ್ಲಿ ಕರಗಿ ಎರಡು ಕಣ್ಣು ಮತ್ತು ಮೀಸೆ ಉಳಿದಿದ್ದವು. ಅದು ಎಷ್ಟು ಚೆನ್ನಾಗಿ ಬಂದಿದೆಯೆಂದು ನಾನು ಗಿರಾಕಿಗಳಿಗೆ ತೋರಿಸಿದ್ದೂ ಉಂಟು.

ಎರಡು ಸಾವಿರದ ಹತ್ತೊಂಬತ್ತರ ಮಾರ್ಚಿನಲ್ಲಿ ಭವಾನಿ ಕೆಲಸ ಬಿಟ್ಟು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಮದುವೆಯಾಗಿ ಹೋದಳು. ಹೋಗುವ ಮುನ್ನ ನೋಟ್‌ಬುಕ್ಕನ್ನು ನನ್ನ ಕೈಯಲ್ಲಿಟ್ಟಳು. “ಇಷ್ಟು ದಿನ ರಕ್ತ ಬೇಕಂತ ಯಾರು ಬಂದ್ರೂ ನಾ ಬಾಯಿಲೆ ಹೇಳ್ತಿದ್ದೆ. ಇನ್ನ ನಿಮ್ಮ ಆ್ಯಪ ಗತಿ. ಆ ಮಸುಕೊಂದು ತೆಗೀರಿ ಸರ್” ಎಂದಳು. ನೋಡೋಣ ಎಂದೆ. ನೋಡೋಣ ಎಂದರೆ ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಮೇ ತಿಂಗಳಲ್ಲಿ ರಜಿಯಾಬೇಗಂಗೆ ಹೆರಿಗೆಯಾಯಿತು. ಬೆಳಿಗ್ಗೆ ಎಂಟಕ್ಕೆ ಹೆಣ್ಣು ಕೂಸು. ಒಂಬತ್ತರ ಹೊತ್ತಿಗೆ ರಕ್ತ ಹೋಗುವುದು ನಿಲ್ಲುತ್ತಿಲ್ಲ ಎಂದರು. ಅವಳದೂ ಓ ನೆಗೆಟಿವ್. ಆ ಗುಂಪಿನವರಿಗೆ ಅದೇ ಗುಂಪಿನ ರಕ್ತವೇ ಆಗಬೇಕು, ಬೇರೆ ನಡೆಯುವುದಿಲ್ಲ. ರಕ್ತನಿಧಿಯಲ್ಲಿ ಇದ್ದ ಎರಡು ಚೀಲ ಏರಿಸಿದರು. ಇನ್ನೂ ಬೇಕು, ಕೊಡುವವರನ್ನು ಕರೆತಂದರೆ ಎರಡು ತಾಸಿನಲ್ಲಿ ತಯಾರು ಮಾಡಿಕೊಡುತ್ತೇವೆ ಎಂದರು. ಟಿಪ್ಪುಸಾಬ ನನಗೆ ಫೋನು ಮಾಡಿದ. “ಆ್ಯಪ್ ತೆಗೆದು ನೋಡು, ಎಲ್ಲ ನಂಬರೂ ಅದರಲ್ಲಿವೆ” ಎಂದೆ. ಸುಳ್ಳೇಕೆ ಹೇಳಲಿ, ಆ ಗಾಬರಿಯಲ್ಲೂ ನನ್ನ ಆ್ಯಪು ಕೆಲಸಕ್ಕೆ ಬಂತೆಂಬ ಒಂದು ಸಣ್ಣ ಸಂತೋಷ ಎದೆಯಲ್ಲಿ ಆಡಿಹೋಯಿತು.

ನಾನು ಬೈಕು ಹತ್ತಿ ಚೀಲ ತರಲು ಕೊಪ್ಪಳಕ್ಕೆ ಹೊರಟೆ. ದಾರಿಯಲ್ಲಿ ಮತ್ತೆ ಅವನ ಫೋನು. “ಎಲ್ಲಾ ನೋಡಿದ್ನಿರಿ. ಬೇವೂರಿನವ್ರು ಹೋದ ವಾರನ ಕೊಟ್ಟಾರಂತ. ಕುಷ್ಟಗಿಯವ್ರ ಫೋನ್ ಬಂದ್ ಐತಿ. ಕನಕಗಿರಿಯವ್ರು ದುಡಿಯಾಕ ಗೋವಾಕ್ಕ ಹೋಗ್ಯಾರ. ಯಾರೂ ಆಗಲಿಲ್ರಿ.” ಮೂರು ಹೆಸರು ಹೇಳಿದ. ನಾಲ್ಕನೆಯವನು ಯಾರು ಎಂದು ನಾನು ಕೇಳಲಿಲ್ಲ. ನಾನೇ ಮಾಡಿದ ಪಟ್ಟಿ, ನನ್ನ ಜೇಬಿನಲ್ಲೇ ಇದ್ದ ಫೋನು, ಒಂದು ನಿಮಿಷ ಬೈಕು ನಿಲ್ಲಿಸಿ ತೆರೆದು ನೋಡಲಿಲ್ಲ. ಕೊಪ್ಪಳದಲ್ಲಿ ಇಲ್ಲ ಎಂದರು. ಹೊಸಪೇಟೆಗೆ ಓಡಿದೆ. ಅಲ್ಲಿ ಒಂದು ಚೀಲ ಸಿಕ್ಕಿತು. ಐಸಿನ ಡಬ್ಬಿಯಲ್ಲಿಟ್ಟು ಹೊಟ್ಟೆಗೆ ಕಟ್ಟಿಕೊಂಡು ಬಂದೆ. ಗಂಗಾವತಿ ಮುಟ್ಟಿದಾಗ ನಾಲ್ಕೂಕಾಲು. ಅವಳು ಮೂರಕ್ಕೇ ಹೋಗಿದ್ದಳು.

ಜೈನಾಬೀ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದರು. ಡಬ್ಬಿ ಕಟ್ಟಿದ ಹಗ್ಗ ಬಿಚ್ಚಲು ನನಗೆ ಆಗಲಿಲ್ಲ. ನರ್ಸಮ್ಮ ಬಂದು ಬಿಚ್ಚಿ, ಇನ್ಯಾರಿಗಾದರೂ ಆಗುತ್ತದೆ ಎಂದು ಅದನ್ನು ಒಳಗೆ ಒಯ್ದರು.

ಮೂರನೆಯ ದಿನ ಟಿಪ್ಪುಸಾಬನ ಮನೆಯ ಮುಂದೆ ಜನ ಸೇರಿದ್ದರು. ನಾನೂ ಚಾಪೆಯ ತುದಿಯಲ್ಲಿ ಕೂತಿದ್ದೆ. ಆಗ ಸೈಕಲ್ಲು ಗೋಡೆಗಾನಿಸಿ ಕನಕಪ್ಪ ಬಂದ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಟಿಪ್ಪುಸಾಬ ಆ ಕಣ್ಣು, ಆ ಮೀಸೆ ಗುರುತು ಹಿಡಿದು ಎದ್ದು ನಿಂತ. ಹತ್ತಿರ ಹೋಗಿ ಕನಕಪ್ಪನ ತೋಳು ಮುಟ್ಟಿ ನೋಡಿದ.

“ನೀವು ಅದೀರೇನ್ರಿ?”

“ಅದೀನಲ್ರಿ” ಎಂದ ಕನಕಪ್ಪ, ಏನೂ ತಿಳಿಯದೆ. “ನಿನ್ನೆ ಸುದ್ದಿ ಗೊತ್ತಾತು. ನಂದೂ ಅದ ಗುಂಪಿನ ರಕ್ತ ಅಂತ ಶಿಬಿರದಾಗ ಭವಾನಿ ಅಕ್ಕಾರು ಹೇಳಿದ್ರು. ನನಗೊಂದು ಫೋನ್ ಯಾಕ ಮಾಡಲಿಲ್ರಿ? ಅವತ್ತು ದಿನಾಪೂರ್ತಿ ಗೇಟಿಗೆ ಗ್ರೀಸ್ ಹಚ್ಚಿಕೋತ ಇಲ್ಲೇ ಕುಂತಿದ್ನಿ.”

ಟಿಪ್ಪುಸಾಬ ಅವನ ತೋಳು ಬಿಟ್ಟ. ಆಮೇಲೆ ಅವನ ಧ್ವನಿ ಮೆತ್ತಗೆ ಬಂತು. “ನಿಮ್ಮ ಫೋಟೋ ನೋಡಿದ್ನಿರಿ. ಮಸುಕಾಗಿತ್ತು. ಹನ್ನೆರಡು ವರ್ಷ ಆತು, ಅಂಥಾ ಫೋಟೋ ನಾನ ಕೈಯಾರೆ ಛಾಪಿಸೀನಿ. ತೀರಿಕೊಂಡಾರ ಅಂದ್ಕೊಂಡೆ. ಆ ಮನಿಗೆ ಫೋನ್ ಮಾಡಿ ಅವ್ರ ದುಃಖ ಯಾಕ ಕೆದರೂದು ಅನಿಸ್ತು. ನಿಮಗ ದುವಾ ಮಾಡಿ ಮುಂದಿನವ್ರಿಗೆ ಫೋನ್ ಹಚ್ಚಿದ್ನಿ.”

ನಾನು ನೆಲ ನೋಡುತ್ತ ಕೂತೆ. ಕನಕಪ್ಪ ಟೋಪಿ ಹಿಚುಕಿಕೊಂಡು ಅಳತೊಡಗಿದ. ತನ್ನದೇನೂ ತಪ್ಪಿಲ್ಲದ ಆ ಮನುಷ್ಯ ಎಲ್ಲರ ಮುಂದೆ ಅತ್ತ. ನನಗೆ ಅಷ್ಟೂ ಬರಲಿಲ್ಲ.

ಅಲ್ಲಿಂದ ನೇರ ಅಂಗಡಿಗೆ ಬಂದು ಕಂಪ್ಯೂಟರು ಹಚ್ಚಿದೆ. ಯಾರು ಯಾವ ಕಾರ್ಡು ತೆರೆದರು, ಎಷ್ಟು ಹೊತ್ತು ನೋಡಿದರು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಹತ್ತೂ ಐವತ್ತಕ್ಕೆ ಟಿಪ್ಪುಸಾಬನ ಫೋನಿನಲ್ಲಿ ಕನಕಪ್ಪನ ಕಾರ್ಡು ತೆರೆದಿತ್ತು. ಐವತ್ತೆರಡು ಸೆಕೆಂಡು. ಫೋನಿನ ಗುಂಡಿ ಒತ್ತದೆ ಹಿಂದಕ್ಕೆ ಹೋಗಿತ್ತು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆಮೇಲೆ ಬಿಂದು ಮೂರನ್ನು ತೆಗೆದು ಒಂದು ಮಾಡಿದೆ, ಕೆಳಗೆ ‘ಫೋನ್ ಮಾಡಿ ಕೇಳಿ ನೋಡಿ’ ಎಂದು ಬರೆದೆ. ಎರಡು ನಿಮಿಷದ ಕೆಲಸ. ನೋಡಲು ಏನೂ ಕೆಟ್ಟದಾಗಿರಲಿಲ್ಲ.

ಟಿಪ್ಪುಸಾಬ ಹತ್ತು ದಿನದ ಮೇಲೆ ಕೆಲಸಕ್ಕೆ ಬಂದ. ಮಷೀನು ಓಡುತ್ತಿದ್ದಂತೆ ಸ್ಟೂಲಿನ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದ. “ಒಂದು ಫೋನ್ ಅಣ್ಣಾರ. ಒಂದು ಫೋನ್ ಮಾಡಿದ್ರ ಆಕಿ ಉಳಿತಿದ್ಲು. ನನ್ನಂಥಾ ಮೂರ್ಖ ಯಾರದಾರ ಹೇಳ್ರಿ.” ನಾನು ಅವನ ಹೆಗಲ ಮೇಲೆ ಕೈಯಿಟ್ಟು ಹಾಗೆಲ್ಲ ಅನ್ನಬೇಡ ಎನ್ನುತ್ತಿದ್ದೆ. ಹಾಗೆ ಅನ್ನಬೇಡ ಎಂದರೆ ಸಾಕಾಗುವುದಿಲ್ಲ, ಯಾರ ತಪ್ಪು ಎಂದೂ ಹೇಳಬೇಕು. ಇವತ್ತು ಬೇಡ, ಅವನು ಇನ್ನೂ ಸುಧಾರಿಸಿಕೊಳ್ಳಲಿ ಎಂದು ದಿನ ದೂಡುತ್ತಿದ್ದೆ. ಅವನಿಗಾಗಿ ದೂಡುತ್ತಿದ್ದೇನೆ ಎಂದು ನನಗೆ ನಾನೇ ನಂಬಿಸಿಕೊಂಡಿದ್ದೆ. ನಾನೊಬ್ಬ ಹೇಡಿ ಎಂದು ಈಗ ಹೇಳಬಲ್ಲೆ, ಆಗ ಹೇಳಲಾಗಲಿಲ್ಲ.

ಜೂನ್ ಕೊನೆಯಲ್ಲಿ ಭವಾನಿ ಮಂಗಳೂರಿನಿಂದ ಫೋನು ಮಾಡಿದಳು. “ಮಸುಕು ತೆಗೆದೀರಲ್ರಿ ಸರ್. ಯಾಕ?”

ನಡೆದದ್ದನ್ನೆಲ್ಲ ಹೇಳಿದೆ. ‘ನಾನು ಮೊದಲೇ ಹೇಳಿದ್ದೆ’ ಎಂದು ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. “ನಾ ಹೇಳಿದ್ದು ಟಿಪ್ಪುಸಾಬಗ ಗೊತ್ತೈತೇನ್ರಿ?” ಎಂದು ಕೇಳಿದಳು.

“ಇಲ್ಲ.”

“ಹಂಗಾರ ಅಂವಾ ತನ್ನದ ತಪ್ಪಂತ ತಿಳ್ಕೊಂಡು ಕುಂತಾನ.” ಇಷ್ಟು ಹೇಳಿ ಇಟ್ಟುಬಿಟ್ಟಳು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅವನು ಬ್ಯಾನರಿನ ಅಂಚು ಕತ್ತರಿಸುತ್ತಿದ್ದ. ನಾನು ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಜನ ಹೀಗೆಯೇ ತಿಳಿಯುತ್ತಾರೆ ಎಂದು ಭವಾನಿ ಎರಡು ಸಲ ಎಚ್ಚರಿಸಿದ್ದಳು, ಒಂದು ಸಾಲು ಬರೆಯಲು ಹೇಳಿದ್ದಳು, ಚಂದ ಕೆಡುತ್ತದೆ ಎಂದು ನಾನೇ ಬರೆಯಲಿಲ್ಲ, ನೀನು ಹತ್ತೂ ಐವತ್ತಕ್ಕೆ ಕನಕಪ್ಪನ ಕಾರ್ಡು ತೆರೆದದ್ದನ್ನೂ ದಾಖಲೆಯಲ್ಲಿ ನೋಡಿದ್ದೇನೆ, ನಿನ್ನದು ಏನೂ ತಪ್ಪಿಲ್ಲ ಎಂದೆ.

ಅವನು ಕತ್ತರಿ ಕೆಳಗಿಟ್ಟ. “ಎರಡನೇ ಸಲ ಯಾವಾಗ ಹೇಳಿದ್ರು?”

“ಮಾರ್ಚಿನಲ್ಲಿ. ಊರು ಬಿಡುವಾಗ.”

“ಆಗ ರಜಿಯಾಗ ಏಳು ತಿಂಗಳು” ಎಂದ. ಬೆರಳಿನಿಂದ ಮೇಜಿನ ಮೇಲಿನ ಚೂರುಗಳನ್ನು ಒಂದು ಕಡೆ ಸರಿಸುತ್ತ ಯೋಚಿಸಿದ. “ಹತ್ತೂ ಐವತ್ತಕ್ಕ ಫೋನ್ ಮಾಡಿದ್ರ ಕನಕಪ್ಪ ಅವ್ರು ಎಷ್ಟೊತ್ತಿಗೆ ಬರ್ತಿದ್ರು?”

“ಸೈಕಲ್ ಮೇಲೆ ಇಪ್ಪತ್ತು ನಿಮಿಷ.”

“ಅಂದ್ರ ಒಂದೂವರಿಯೊಳಗ ರಕ್ತ ತಯಾರಾಗ್ತಿತ್ತು. ಎರಡರ ತನಕ ಆಕಿ ಮಾತಾಡಿಕೋತ ಇದ್ಲರಿ. ಕೂಸಿನ ತಲಿಗೆ ಕುಂಚಿಗಿ ಹಾಕ್ರಿ, ಫ್ಯಾನಿನ ಗಾಳಿ ಬೀಳತೈತಿ ಅಂತ ನನಗ ಬಯ್ಯಾಕತ್ತಿದ್ಲು.”

ಅವನು ಮತ್ತೆ ಕತ್ತರಿ ತೆಗೆದುಕೊಂಡು ಉಳಿದ ಅಂಚನ್ನು ಕತ್ತರಿಸಿದ, ಬ್ಯಾನರು ಸುತ್ತಿ ದಾರ ಕಟ್ಟಿ ಗಿರಾಕಿಯ ಹೆಸರು ಬರೆದಿಟ್ಟ. ಮಷೀನು ಬಂದ್ ಮಾಡಿ ಮೇಲೆ ಬಟ್ಟೆ ಹೊದಿಸಿದ. ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ಬಂದು ನಿಂತ. ಸಿಟ್ಟಿನ ಮುಖವಲ್ಲ. ಸಿಟ್ಟಾಗಿದ್ದರೆ ಎಷ್ಟೋ ಒಳ್ಳೆಯದಿತ್ತು.

“ತಪ್ಪು ಯಾರದರ ಆಗಲಿ ಅಣ್ಣಾರ, ಅದು ಆತು. ಆದ್ರ ಒಂದು ತಿಂಗಳು ಆತು, ದಿನಾ ನಾ ನಿಮ್ಮ ಮುಂದ ಕುಂತು, ನಾನ ಕೊಂದೆ ನಾನ ಕೊಂದೆ ಅಂತ ಅತ್ನಿ. ನೀವು ಎಲ್ಲಾ ಗೊತ್ತಿದ್ದು ಕೇಳಿಕೋತ ಕುಂತ್ರಿ. ಚಹಾ ತರಿಸಿ ಕೊಟ್ರಿ.”

“ಟಿಪ್ಪು” ಎಂದೆ.

“ಅಮ್ಮಗ ನಾ ಹೇಳ್ತೀನಿ. ನೀವು ನಮ್ಮ ಮನಿಗೆ ಬರಬ್ಯಾಡ್ರಿ” ಎಂದು ಹೇಳಿ ಮೆಟ್ಟಿಲಿಳಿದು ಹೋದ.

ಆಮೇಲೆ ಅವನು ಅಂಗಡಿಗೆ ಬರಲಿಲ್ಲ. ಕನಕಗಿರಿಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಇದ್ದಾನೆಂದು ಕೇಳಿದೆ. ಕೂಸಿಗೆ ಹೆಸರಿಡುವ ದಿನ ಅವರ ಓಣಿಯವರೆಲ್ಲ ಹೋಗಿದ್ದರಂತೆ, ಕನಕಪ್ಪನೂ ಹೋಗಿ ಕೂಸನ್ನು ಎತ್ತಿಕೊಂಡಿದ್ದನಂತೆ. ಏನು ಹೆಸರಿಟ್ಟರು ಎಂದು ನಾನು ಇದುವರೆಗೆ ಯಾರನ್ನೂ ಕೇಳಿಲ್ಲ.